ಬಾಲಿಕೆಯರ ಅಂಗಸಾಧನೆಯೂ ಬಯಲಿನ ವಿಹಾರವೂ



ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಗಿಸಿ ನೀವು ಶಾಲೆಯ ಬಾಗಿಲನ್ನು ದಾಟುವ ದಿನ ನಾವು ನಿಮಗೆ ಹೇಳಿ ಕಳುಹಿಸುವ ಬುದ್ಧಿಮಾತುಗಳು ಅನೇಕ. ಓದನ್ನು ಬಿಡಬೇಡಿರಿ ಎನ್ನುತ್ತೇವೆ. ಹಿರಿಯರನ್ನು ಗೌರವಿಸಿರಿ ಎನ್ನುತ್ತೇವೆ. ಆದರೆ ಆಟವನ್ನು ಬಿಡಬೇಡಿರಿ ಎಂದು ಹೇಳುವವರು ವಿರಳ. ಶಾಲೆಯ ಬಯಲಿನಲ್ಲಿ ಖೊ-ಖೊ ಆಡುವಾಗ ಯಾರ ಕೈಗೂ ಸಿಕ್ಕದೆ ಓಡುತ್ತಿದ್ದ ಬಾಲಿಕೆಯು ಎರಡು ವರ್ಷಗಳ ತರುವಾಯ ನಮ್ಮನ್ನು ಕಾಣಲು ಬಂದಾಗ, ಮಾಳಿಗೆಯ ಮೆಟ್ಟಲುಗಳನ್ನು ಹತ್ತಿ ಏದುಸಿರು ಬಿಡುವುದನ್ನು ನಾವು ಒಂದಲ್ಲ, ಅನೇಕ ಸಾರಿ ನೋಡಿದ್ದೇವೆ. ಅವಳಿಗೆ ರೋಗವೇನೂ ಬಂದಿರಲಿಲ್ಲ. ಆಟವು ನಿಂತಿತ್ತು, ಅಷ್ಟೇ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿಯೂ ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯ ಬಳಿ ಇರುವುದು. ಹೀಗೆ ಉನ್ನತ ವಿದ್ಯೆಯು ಮನೆಯ ಹತ್ತಿರಕ್ಕೇ ಬಂದಿದೆ. ಆ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣವೆಂಬ ಪಾಠವೂ ಉಂಟು. ಅದನ್ನು ಬಾಲಿಕೆಯರು ಯಾವ ಬುದ್ಧಿಯಿಂದ ಕಲಿಯತಕ್ಕದ್ದು, ನಮ್ಮ ನೆಲಕ್ಕೂ ಬಿಸಿಲಿಗೂ ಅದನ್ನು ಹೇಗೆ ಹೊಂದಿಸಿಕೊಳ್ಳತಕ್ಕದ್ದು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ತಾಯಿಯ ದುಡಿತವೂ ಮಗಳ ಕುಳಿತಿರುವಿಕೆಯೂ

“ನಮ್ಮ ಹೆಣ್ಣುಮಕ್ಕಳಿಗೆ ವ್ಯಾಯಾಮವೇಕೆ? ಹೊಲದ ಕೆಲಸವೇ ಸಾಲದೇ?” ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ತೊಗರಿಯ ಹೊಲದಲ್ಲಿ ದಿನವೆಲ್ಲ ಬಾಗಿ ಕಳೆ ಕೀಳುವ, ಹತ್ತಿ ಬಿಡಿಸುವ, ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತು ನಡೆಯುವ ತಾಯಂದಿರ ದಮ್ಮು ಸಾಮಾನ್ಯವಾದದ್ದಲ್ಲ. ಆದರೆ ದುಡಿತವು ದೇಹದ ಒಂದೇ ಭಾಗವನ್ನು ಪದೇ ಪದೇ ಎಳೆಯುವುದು. ಬಾಗಿದ ಬೆನ್ನನ್ನು ಹಿಂದಕ್ಕೆ ಚಾಚುವ ಕೆಲಸವು ಹೊಲದಲ್ಲಿ ಇಲ್ಲ. ದುಡಿತವು ದಣಿದವಳ ಅನುಮತಿಯನ್ನು ಕೇಳುವುದಿಲ್ಲ, ವಿಶ್ರಾಂತಿಯ ಹೊತ್ತನ್ನೂ ಗೊತ್ತುಮಾಡುವುದಿಲ್ಲ. ಆದುದರಿಂದಲೇ ನಲವತ್ತು ತುಂಬುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಏಳುವ ತಾಯಂದಿರನ್ನು ನಾವು ಪ್ರತಿ ಓಣಿಯಲ್ಲಿಯೂ ಕಾಣುತ್ತೇವೆ.

ಇನ್ನು ಮಗಳ ಸ್ಥಿತಿಯನ್ನು ನೋಡೋಣ. ಆ ತಾಯಿಯೇ ತನ್ನ ಮಗಳು ಹಾಗೆ ದಣಿಯಬಾರದೆಂದು ಅವಳನ್ನು ಕಾಲೇಜಿಗೆ ಕಳುಹಿಸುವಳು. ಮಗಳು ಬಸ್ಸಿನಲ್ಲಿ ಕುಳಿತು ಹೋಗುವಳು, ಬೆಂಚಿನ ಮೇಲೆ ಕುಳಿತು ಪಾಠ ಕೇಳುವಳು, ಮನೆಗೆ ಬಂದು ಮೊಬೈಲನ್ನು ಹಿಡಿದು ಕುಳಿತುಕೊಳ್ಳುವಳು. ಸಂಜೆ ಬಯಲಿಗೆ ಹೊರಟರೆ “ದೊಡ್ಡಾಕಿ ಆಗೀದಿ, ಇನ್ನ ಬಯಲಾಗ ಓಡಬ್ಯಾಡ” ಎಂಬ ಮಾತು ಬರುವುದು. ತಾಯಿಗೆ ಹೆಚ್ಚಾದದ್ದು ಮಗಳಿಗೆ ಕಡಿಮೆಯಾಯಿತು. ಈ ಎರಡರ ನಡುವೆ ಒಂದು ಹದವಿದೆ. ಆ ಹದವನ್ನು ತಿಳಿಸುವ ವಿದ್ಯೆಯೇ ಅಂಗಸಾಧನೆ. ಅದು ದುಡಿತವೂ ಅಲ್ಲ, ಕಾಲಹರಣವೂ ಅಲ್ಲ. ತನ್ನ ದೇಹವನ್ನು ತಾನೇ ಅರಿತು, ತನ್ನ ಇಚ್ಛೆಯಿಂದ ಬೆಳೆಸಿಕೊಳ್ಳುವ ಕ್ರಮವು.

2. ಈ ವಿದ್ಯೆಯು ಪಾಠವಾಗಿ ಬಂದ ಬಗೆ

ನಮ್ಮ ನಾಡಿನಲ್ಲಿ ಗರಡಿಮನೆಗಳು ಬಹು ಪುರಾತನ. ಆದರೆ ಅವು ಗಂಡಸರವು. ಹುಡುಗಿಯರಿಗಿದ್ದದ್ದು ಕುಂಟೆಬಿಲ್ಲೆ, ಲಗೋರಿ, ನಾಗರ ಪಂಚಮಿಯ ಜೋಕಾಲಿ. ಶಾಲೆಗಳಲ್ಲಿ ಮೊದಲು ಬಂದದ್ದು ಸಾಲಾಗಿ ನಿಂತು ಅಪ್ಪಣೆಯಂತೆ ಕೈಕಾಲಾಡಿಸುವ ಡ್ರಿಲ್ಲು. ಆಟವನ್ನೂ ಶಿಕ್ಷಣದ ಒಂದು ಅಂಗವೆಂದು ಕಲಿಸುವ ಗುರುಗಳನ್ನು ತರಬೇತುಗೊಳಿಸುವುದಕ್ಕಾಗಿ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವೈ. ಎಂ. ಸಿ. ಎ. ದೈಹಿಕ ಶಿಕ್ಷಣ ಶಾಲೆಯನ್ನು ತೆರೆದರು. ಬಕ್ಕರು ಅಮೇರಿಕೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ ತರಬೇತು ಹೊಂದಿದವರು. ಅದೇ ಶಾಲೆಯಲ್ಲಿಯೇ 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಬಾಸ್ಕೆಟ್‌ಬಾಲ್ ಆಟವನ್ನು ಕಟ್ಟಿದ್ದರು. ಮಾರನೆಯ ವರ್ಷವೇ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯು ಅದನ್ನು ತನ್ನ ಕಾಲೇಜಿನ ಯುವತಿಯರಿಗೆ ಕಲಿಸಿದಳು. ಹೆಣ್ಣುಮಕ್ಕಳ ಪಾಲು ತಾನಾಗಿ ಬರುವುದಿಲ್ಲ, ಅದನ್ನು ತರುವುದಕ್ಕೆ ಒಬ್ಬ ಉಪಾಧ್ಯಾಯಿನಿಯು ಬೇಕು ಎಂಬುದು ಇದರಿಂದ ತಿಳಿಯುವುದು.

ನಮ್ಮ ದೇಶೀಯ ಆಟಗಳೂ ಅದೇ ಕಾಲದಲ್ಲಿ ನಿಯಮಬದ್ಧವಾದವು. ಖೊ-ಖೊ ಆಟದ ನಿಯಮಗಳು 1914ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ರೂಪುಗೊಂಡವು. ಅಲ್ಲಿಂದ ನೂರು ವರ್ಷ ಕಳೆದ ಮೇಲೆ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ವಿಶ್ವಕಪ್ಪಿನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿ ಗೆದ್ದರು. ಮೈಸೂರು ಜಿಲ್ಲೆಯ ಕುರುಬೂರೆಂಬ ಗ್ರಾಮದ ಬಿ. ಚೈತ್ರಾ ಆ ತಂಡದಲ್ಲಿದ್ದರು. ಹಳ್ಳಿಯ ಬಯಲಿನಿಂದ ವಿಶ್ವದ ಅಂಕಣದವರೆಗೆ ದಾರಿಯುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ರಾಜ್ಯದ ಪದವಿ ಕಾಲೇಜುಗಳಲ್ಲಿ 2021ರಲ್ಲಿ ಜಾರಿಗೆ ಬಂದ ಪಠ್ಯಕ್ರಮವು ಯೋಗ, ಆರೋಗ್ಯ, ಕ್ರೀಡೆ ಇವುಗಳಿಗೂ ಲೆಕ್ಕವನ್ನಿಟ್ಟಿತು. 2024ರಲ್ಲಿ ಕ್ರಮವು ಮತ್ತೆ ಬದಲಾಯಿತು. ಪಠ್ಯಪಟ್ಟಿಯು ಹೀಗೆ ಆಗಾಗ್ಗೆ ಬದಲಾಗಬಹುದು. ದೇಹದ ಧರ್ಮವು ಬದಲಾಗದು. ಆದಕಾರಣ ಅಂಕಗಳಿಗಾಗಿ ಕಲಿತವಳು ಅಂಕಗಳೊಡನೆಯೇ ಬಿಡುವಳು. ತನಗಾಗಿ ಕಲಿತವಳು ಬಿಡಳು.

3. ದೇಹದ ನಾಲ್ಕು ಗುಣಗಳು

ದೇಹವು ಸಮರ್ಥವಾಗಿದೆ ಎನ್ನುವುದಕ್ಕೆ ನಾಲ್ಕು ಗುಣಗಳನ್ನು ನೋಡತಕ್ಕದ್ದು.

ಮೊದಲನೆಯದು ದಮ್ಮು. ಹೃದಯವೂ ಶ್ವಾಸಕೋಶಗಳೂ ಬಹಳ ಹೊತ್ತು ಸೋಲದೆ ಕೆಲಸಮಾಡುವ ಶಕ್ತಿಯಿದು. ಬಿರುಸಾದ ನಡಿಗೆ, ಓಟ, ಸೈಕಲ್ ಸವಾರಿ, ಹಗ್ಗದಾಟಗಳಿಂದ ಇದು ಬೆಳೆಯುವುದು. ಯಂತ್ರಗಳಿಲ್ಲದೆಯೇ ಇದನ್ನು ಅಳೆಯಬಹುದು. ಮಣಿಕಟ್ಟಿನ ಹೆಬ್ಬೆರಳಿನ ಕಡೆಗೆ ಎರಡು ಬೆರಳುಗಳನ್ನಿಟ್ಟು ನಾಡಿಯನ್ನು 15 ಸೆಕೆಂಡು ಎಣಿಸಿ, ಬಂದ ಸಂಖ್ಯೆಯನ್ನು 4ರಿಂದ ಗುಣಿಸಿದರೆ ಒಂದು ನಿಮಿಷದ ಬಡಿತಗಳು ದೊರೆಯುವವು. 220ರಿಂದ ವಯಸ್ಸನ್ನು ಕಳೆದರೆ ಹೃದಯದ ಪರಮಾವಧಿ ಬಡಿತದ ಅಂದಾಜು ಸಿಕ್ಕುವುದು. 18 ವರ್ಷದವಳಿಗೆ ಅದು 202. ಮಧ್ಯಮ ವ್ಯಾಯಾಮದಲ್ಲಿ ಅವಳ ನಾಡಿಯು ಸುಮಾರು 130ರಿಂದ 150ರ ಒಳಗಿದ್ದರೆ ಸರಿ. ಗಡಿಯಾರವಿಲ್ಲದಿದ್ದರೆ ಇನ್ನೊಂದು ಉಪಾಯ: ನಡೆಯುವಾಗ ಗೆಳತಿಯೊಡನೆ ಮಾತಾಡಬಲ್ಲಿರಿ, ಆದರೆ ಹಾಡಲಾರಿರಿ ಎಂದಾದರೆ ಅದೇ ಮಧ್ಯಮ ವೇಗ.

ಎರಡನೆಯದು ಬಲ. ಬೈಠಕ್ಕು, ಗೋಡೆಗೆ ಕೈಯೂರಿ ತೆಗೆಯುವ ದಂಡ, ಮೆಟ್ಟಲು ಹತ್ತುವುದು ಇವು ಬಲವನ್ನು ಕೊಡುವವು. ಹೆಣ್ಣುಮಕ್ಕಳಿಗೆ ಇದು ಎಲುಬಿನ ವಿಷಯವಾಗಿಯೂ ಮುಖ್ಯವಾದದ್ದು. ಯಾಕಂದರೆ ಎಲುಬುಗಳು ತಮ್ಮ ಗಟ್ಟಿತನದ ಬಹುಭಾಗವನ್ನು ಇಪ್ಪತ್ತರ ಆಸುಪಾಸಿನೊಳಗೇ ಸಂಪಾದಿಸಿಕೊಳ್ಳುವವು. ಮುದಿತನದಲ್ಲಿ ಖರ್ಚಾಗುವುದು ಈ ಗಂಟೇ. ನೆಲಕ್ಕೆ ಕಾಲೂರಿ ಜಿಗಿಯುವ ಆಟಗಳು ಎಲುಬನ್ನು ಬಲಪಡಿಸುವವು. ನಮ್ಮ ಅಜ್ಜಿಯರು ಕುಂಟೆಬಿಲ್ಲೆ ಆಡಿದ್ದು ವ್ಯರ್ಥವಾಗಲಿಲ್ಲ.

ಮೂರನೆಯದು ಬಾಗುವ ಗುಣ. ಸಂದುಗಳು ತಮ್ಮ ಪೂರ್ಣ ಮೇರೆಯವರೆಗೆ ತಿರುಗಬೇಕು. ಯೋಗಾಸನಗಳು ಇದಕ್ಕೆ ಸಾಧನ. ಆದರೆ ಮೈ ಬೆಚ್ಚಗಾಗುವ ಮೊದಲೇ ಬಲವಂತವಾಗಿ ಚಾಚಬಾರದು. ಐದು ಹತ್ತು ನಿಮಿಷ ನಡೆದು ಅನಂತರ ಚಾಚತಕ್ಕದ್ದು.

ನಾಲ್ಕನೆಯದು ತೂಕ ತಪ್ಪದಿರುವ ಚುರುಕು. ಖೊ-ಖೊ ಆಟವು ಇದಕ್ಕೆ ಶ್ರೇಷ್ಠವಾದ ಪಾಠಶಾಲೆ. ಎಂಟು ಮಂದಿ ಸಾಲಿನಲ್ಲಿ ಒಬ್ಬರು ಈ ಕಡೆಗೆ, ಮತ್ತೊಬ್ಬರು ಆ ಕಡೆಗೆ ಮುಖಮಾಡಿ ಕುಳಿತಿರುವಲ್ಲಿ ಒಂಬತ್ತನೆಯವಳು ಅಟ್ಟಿಕೊಂಡು ಹೋಗುವಳು. “ಖೊ” ಎಂಬ ಶಬ್ದ ಬೆನ್ನಹಿಂದೆ ಕೇಳಿದ ಕ್ಷಣವೇ ಕುಳಿತವಳು ಎದ್ದು ಓಡಬೇಕು. ತೊಡೆಯ ಬಲ, ಕಿವಿಯ ಎಚ್ಚರ, ಕಾಲಿನ ತಿರುವು, ಸಂಗಾತಿಯ ಮೇಲಣ ನಂಬಿಕೆ ನಾಲ್ಕೂ ಒಂದೇ ಕ್ಷಣದಲ್ಲಿ ಪರೀಕ್ಷಿಸಲ್ಪಡುವವು.

ಎಷ್ಟು ಸಾಕು? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸಲಹೆಯಂತೆ 17 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವೂ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮವೂ, ಅದರೊಡನೆ ಎರಡು ದಿನ ಬಲಸಾಧನೆಯೂ ಬೇಕು. ಕಾಲೇಜಿನಲ್ಲಿ ವಾರಕ್ಕೆ ಒಂದೆರಡು ಗಂಟೆಯ ಪಾಠ ಸಿಕ್ಕೀತು. ಅದರಿಂದಲೇ ಈ ಲೆಕ್ಕವು ತುಂಬದು. ಆದುದರಿಂದ ಪಾಠವನ್ನು ಬೀಜವೆಂದು ತಿಳಿಯಿರಿ. ಬೆಳೆ ತೆಗೆಯುವುದು ಉಳಿದ ದಿನಗಳಲ್ಲಿ. ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ 150 ನಿಮಿಷಗಳಾಗುವವು. ಇದಕ್ಕೆ ಕಾಸಿನ ಖರ್ಚಿಲ್ಲ.

4. ನಮ್ಮ ನೆಲ, ನಮ್ಮ ಬಿಸಿಲು, ನಮ್ಮ ಹೊಳೆ

ಪುಸ್ತಕದಲ್ಲಿ ಬರೆದ ವ್ಯಾಯಾಮವನ್ನು ನಮ್ಮ ಸೀಮೆಗೆ ಹೊಂದಿಸಿಕೊಳ್ಳದಿದ್ದರೆ ಹಿತದ ಬದಲು ಅಹಿತವಾಗುವುದು.

ಈ ಮೂರು ತಾಲ್ಲೂಕುಗಳ ಬಹುಭಾಗವು ಎರೆಭೂಮಿ. ಎರೆಮಣ್ಣು ನೀರನ್ನು ಹೀರಿ ಉಬ್ಬುವುದು, ಒಣಗಿದಾಗ ಕುಗ್ಗಿ ಬಿರಿಯುವುದು. ಜೋಳಕ್ಕೂ ತೊಗರಿಗೂ ಇದು ತಾಯಿ. ಓಡುವ ಕಾಲಿಗೆ ಮಾತ್ರ ಮಲತಾಯಿ. ಮಳೆಗಾಲದಲ್ಲಿ ಮಣ್ಣು ಪಾದಕ್ಕೆ ಅಂಟಿ ಜಾರಿಸುವುದು. ಬೇಸಗೆಯಲ್ಲಿ ಬಿರುಕಿನೊಳಗೆ ಹೆಜ್ಜೆಯಿಟ್ಟರೆ ಹರಡು ಉಳುಕುವುದು. ಆದಕಾರಣ ಆಟದ ಅಂಕಣಕ್ಕೆ ಬಿರುಕುಗಳನ್ನು ಮುಚ್ಚಿ, ಮೇಲೆ ಮುರಂ ಹಾಸಿ, ನೀರು ಚಿಮುಕಿಸಿ ರೂಲು ಹೊಡೆದು, ಮಳೆನೀರು ಹರಿದುಹೋಗಲು ಒಂದು ಕಡೆಗೆ ತುಸು ಇಳಿಜಾರು ಮಾಡತಕ್ಕದ್ದು. ಖೊ-ಖೊ ಆಟಕ್ಕೆ 27 ಮೀಟರು ಉದ್ದ, 16 ಮೀಟರು ಅಗಲದ ನೆಲ ಸಾಕು. ಇಷ್ಟು ನೆಲವನ್ನು ವಿದ್ಯಾರ್ಥಿನಿಯರೇ ಕೂಡಿ ಹಸನುಮಾಡಿಕೊಂಡರೆ ಅದು ಅವರ ಸ್ವಂತ ಅಂಕಣವಾಗುವುದು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಸಾಮಾನ್ಯ. ಆಗ ವ್ಯಾಯಾಮವು ಬೆಳಗಿನ ತಂಪಿನಲ್ಲಿ, ಇಲ್ಲವೇ ಹೊತ್ತು ಇಳಿದ ಮೇಲೆ ಆಗಬೇಕು. ದೇಹವು ಬಿಸಿಲಿಗೆ ಹೊಂದಿಕೊಳ್ಳುವುದಕ್ಕೆ ಒಂದೆರಡು ವಾರ ಬೇಕಾಗುವುದರಿಂದ ಮೊದಲ ದಿನವೇ ಪೂರ್ಣ ಆಟಕ್ಕೆ ಇಳಿಯಬಾರದು. ತಲೆನೋವು, ತಲೆ ತಿರುಗುವುದು, ಕಾಲು ಹಿಡಿಯುವುದು ಇವು ಎಚ್ಚರಿಕೆಯ ಗಂಟೆಗಳು; ಕೂಡಲೇ ಆಟ ನಿಲ್ಲಿಸಿ ನೆರಳಿಗೆ ಹೋಗಿ ನೀರು ಕುಡಿಯಬೇಕು. ಬಹಳ ಬೆವತವಳಿಗೆ ಒಂದು ಲೀಟರು ಶುದ್ಧ ನೀರಿನಲ್ಲಿ ಆರು ಸಮ ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಕರಗಿಸಿ ಕೊಡಬಹುದು, ಚಮಚವು ಚಹದ್ದಾಗಿರಲಿ. ಯಾರಾದರೂ ಮೈ ಸುಡುತ್ತಾ ಅರಿವುಗೆಟ್ಟು ಮಾತಾಡತೊಡಗಿದರೆ ಅದು ಪ್ರಾಣಾಪಾಯ. ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆಮಾಡತಕ್ಕದ್ದು.

ಹೊಳೆಯ ವಿಷಯದಲ್ಲಿಯೂ ಒಂದು ಮಾತು. ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಹರಿಯುವ ಭೀಮೆಯ ದಂಡೆಯು ವಿಹಾರಕ್ಕೆ ರಮ್ಯವಾದದ್ದು. ಆದರೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ನಮ್ಮಲ್ಲಿ ಒಂದು ಹನಿ ಮಳೆಯಿಲ್ಲದಿದ್ದರೂ ಹೊಳೆಯು ಏರಬಹುದು. 2020ರ ಅಕ್ಟೋಬರಿನ ಮಹಾಪೂರವನ್ನು ದಂಡೆಯ ಗ್ರಾಮಗಳವರು ಮರೆತಿಲ್ಲ. ಆದುದರಿಂದ ದಂಡೆಯಲ್ಲಿ ನಡೆಯಿರಿ. ಈಜು ಕಲಿಸುವವರೂ ಕಾಯುವವರೂ ಇಲ್ಲದ ಕಡೆ ನೀರಿಗಿಳಿಯಬೇಡಿರಿ.

5. ರಕ್ತವಿಲ್ಲದೆ ದಮ್ಮಿಲ್ಲ

ಅನೇಕ ಬಾಲಿಕೆಯರು ಬೇಗನೆ ದಣಿಯುವುದಕ್ಕೆ ಸೋಮಾರಿತನವು ಕಾರಣವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರೊಳಗೆ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಶ್ವಾಸದಲ್ಲಿ ಎಳೆದುಕೊಂಡ ಆಮ್ಲಜನಕವನ್ನು ಸ್ನಾಯುಗಳಿಗೆ ಹೊತ್ತೊಯ್ಯುವುದು ರಕ್ತದೊಳಗಿನ ಕಬ್ಬಿಣದ ಅಂಶವುಳ್ಳ ಹಿಮೊಗ್ಲೋಬಿನ್. ಅದು ಕಡಿಮೆಯಾದವಳನ್ನು “ಓಡು, ಓಡು” ಎಂದು ಗದರಿಸುವುದು ನ್ಯಾಯವಲ್ಲ. ಮೊದಲು ರಕ್ತಪರೀಕ್ಷೆ ಮಾಡಿಸತಕ್ಕದ್ದು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಡುವೆ ಬಿಡಬಾರದು. ಸಜ್ಜೆ ರೊಟ್ಟಿ, ಬೇಳೆಕಾಳು, ಸೊಪ್ಪಿನ ಪಲ್ಯ ನಮ್ಮ ಮನೆಗಳಲ್ಲಿಯೇ ಇವೆ. ಅವುಗಳ ಸಂಗಡ ನಿಂಬೆಹಣ್ಣನ್ನು ಹಿಂಡಿಕೊಂಡರೆ ಕಬ್ಬಿಣವು ಮೈಗೆ ಚೆನ್ನಾಗಿ ಹತ್ತುವುದು. ಊಟದ ಸಂಗಡ ಚಹ ಕುಡಿದರೆ ಅದು ತಡೆಯಲ್ಪಡುವುದು.

ತಿಂಗಳ ದಿನಗಳಲ್ಲಿ ಆಡಬಾರದೆಂಬ ನಂಬಿಕೆಯೂ ಬಹಳ ಮನೆಗಳಲ್ಲಿದೆ. ಆರೋಗ್ಯವಂತಳಾದ ಬಾಲಿಕೆಗೆ ಆ ದಿನಗಳಲ್ಲಿ ನಡಿಗೆಯಾಗಲಿ ಆಟವಾಗಲಿ ಕೇಡನ್ನುಂಟುಮಾಡದು. ಹಗುರವಾದ ವ್ಯಾಯಾಮವು ಅನೇಕರ ನೋವನ್ನು ತಗ್ಗಿಸುವುದು. ನೋವು ಬಹಳವಾದರೆ ವಿಶ್ರಾಂತಿ ತಕ್ಕೊಳ್ಳಲಿ; ಆದರೆ ನಿಲ್ಲುವುದೂ ಆಡುವುದೂ ಅವಳ ಮೈ ಹೇಳಿದಂತೆ ಆಗಲಿ, ನಾಚಿಕೆ ಹೇಳಿದಂತೆ ಬೇಡ.

6. ಬಯಲಿನ ವಿಹಾರ

ಆಟದ ಅಂಕಣದಷ್ಟೇ ಮುಖ್ಯವಾದದ್ದು ತೆರೆದ ಬಯಲು. ನಮ್ಮ ಸೀಮೆಯ ಸ್ತ್ರೀಯರಿಗೆ ಬಯಲೆಂದರೆ ವರ್ಷವೆಲ್ಲ ದುಡಿಮೆಯ ಸ್ಥಳ. ಒಂದು ದಿನ ಮಾತ್ರ ಅದು ಆನಂದದ ಸ್ಥಳವಾಗುವುದು: ಎಳ್ಳಮಾವಾಸ್ಯೆಯ ದಿನ. ಆ ದಿನ ಮನೆಮಂದಿಯೆಲ್ಲ ಸಜ್ಜೆ ಕಡುಬು, ಭಜ್ಜಿ, ಶೇಂಗಾ ಹೋಳಿಗೆಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗುವರು. ಭೂಮಿಗೆ ಚರಗ ಚೆಲ್ಲುವರು. ನೆರೆಹೊರೆಯವರನ್ನೂ ಕರೆದು ಕೂಡಿ ಉಣ್ಣುವರು. ಹುಡುಗಿಯರು ಜೋಕಾಲಿ ಆಡುವರು. ನಿನ್ನೆ ಬಾಗಿ ಕಳೆ ಕಿತ್ತ ಹೊಲದಲ್ಲಿಯೇ ಇಂದು ತಾಯಿಯು ಬೆನ್ನು ನೆಟ್ಟಗೆ ಮಾಡಿಕೊಂಡು ಹಸಿರನ್ನು ನೋಡುತ್ತಾ ಕೂಡುವಳು. ಆ ಮುಖವನ್ನು ನೀವೆಲ್ಲರೂ ನೋಡಿದ್ದೀರಿ. ಬಯಲಿನ ವಿಹಾರವೆಂದರೇನೆಂದು ನಾವು ಬೇರೆ ದೇಶದಿಂದ ಕಲಿಯಬೇಕಾದದ್ದಿಲ್ಲ. ವರ್ಷಕ್ಕೊಮ್ಮೆ ಬರುವ ಆ ದಿನವನ್ನು ವಾರಕ್ಕೊಮ್ಮೆ ಬರುವಂತೆ ಮಾಡಿಕೊಳ್ಳುವುದೇ ನಮ್ಮ ಪಾಠ.

ಇದಕ್ಕೆ ಸ್ಥಳಗಳು ಹತ್ತಿರದಲ್ಲಿಯೇ ಇವೆ. ಆಳಂದ ತಾಲ್ಲೂಕಿನವರಿಗೆ ಕೋರಳ್ಳಿಯ ಬಳಿ ಅಮರ್ಜಾ ಜಲಾಶಯವಿದೆ. ಅದೇ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವುದು. ಊರಿನಿಂದ ಸಂಗಮದವರೆಗೆ ಯಾತ್ರಿಕರು ನಡೆಯುವ ದಾರಿಯು ಒಳ್ಳೆಯ ಬೆಳಗಿನ ನಡಿಗೆ. ಜೇವರ್ಗಿಯವರಿಗೆ ಕಟ್ಟಿ ಸಂಗಾವಿಯ ಕಡೆಯಲ್ಲಿ ಭೀಮೆಯ ವಿಸ್ತಾರವಾದ ನೋಟವುಂಟು. ಹೊರಡುವ ಮೊದಲು ಐದು ನಿಯಮಗಳನ್ನು ನೆನಪಿಡಿರಿ: ನಾಲ್ವರಿಗೆ ಕಡಿಮೆಯಿಲ್ಲದೆ ಕೂಡಿ ಹೋಗತಕ್ಕದ್ದು; ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಮನೆಯಲ್ಲಿ ಹೇಳತಕ್ಕದ್ದು; ನೀರನ್ನೂ ತಲೆಗೆ ಬಟ್ಟೆಯನ್ನೂ ಒಯ್ಯತಕ್ಕದ್ದು; ಬಿಗಿಯಾಗಿ ಕಟ್ಟಿದ ಪಾದರಕ್ಷೆಗಳನ್ನು ತೊಡತಕ್ಕದ್ದು; ಬುತ್ತಿಯ ಕಾಗದವನ್ನೂ ಚೀಲವನ್ನೂ ಮರಳಿ ತರತಕ್ಕದ್ದು. ದಾರಿಯಲ್ಲಿ ಒಬ್ಬಳು ಪಕ್ಷಿಗಳನ್ನು ಗುರುತಿಸಲಿ, ಒಬ್ಬಳು ಬೆಳೆಗಳನ್ನು ಬರೆದುಕೊಳ್ಳಲಿ, ಒಬ್ಬಳು ಹೆಜ್ಜೆಗಳನ್ನು ಎಣಿಸಲಿ. ಹೀಗೆ ಮಾಡಿದರೆ ನಡಿಗೆಯು ಕಲಿಕೆಯೂ ಆಗುವುದು.

7. ಕಡೆಯ ಮಾತು

ತಂದೆತಾಯಿಗಳ ಅಂಜಿಕೆಯನ್ನು ನಾವು ಹಗುರವಾಗಿ ಎಣಿಸುವವರಲ್ಲ. ಮಗಳು ಕತ್ತಲಾಗುವ ಮೊದಲು ಮನೆ ಸೇರಬೇಕೆಂಬುದು ಪ್ರೀತಿಯ ಮಾತೇ. ಆದರೆ ಅಂಜಿಕೆಗೆ ಉತ್ತರವು ಬಾಗಿಲಿಕ್ಕುವುದಲ್ಲ. ಗೆಳತಿಯರ ಗುಂಪು, ತಿಳಿದ ದಾರಿ, ಗೊತ್ತಾದ ಹೊತ್ತು ಇವೇ ಉತ್ತರ. ಇನ್ನೂ ಒಂದು ಉಪಾಯವನ್ನು ಹೇಳುವೆವು: ಅವ್ವನನ್ನೂ ಕರೆದುಕೊಂಡು ಹೋಗಿರಿ. ತಲೆಯ ಮೇಲೆ ಕೊಡವಿಲ್ಲದೆ, ಕೈಯಲ್ಲಿ ಕುಡುಗೋಲಿಲ್ಲದೆ, ಯಾವ ಕೆಲಸವೂ ಇಲ್ಲದೆ ಸುಮ್ಮನೆ ಅರ್ಧ ಗಂಟೆ ನಡೆಯುವ ಸುಖವನ್ನು ಆಕೆಯೂ ಕಾಣಲಿ. ಅನಂತರ ನಿಮ್ಮನ್ನು ತಡೆಯುವವರು ಒಬ್ಬರು ಕಡಿಮೆಯಾಗುವರು.

ಕಾಲೇಜಿನ ದೈಹಿಕ ಶಿಕ್ಷಣದ ಪರೀಕ್ಷೆಯು ವರ್ಷದ ಕೊನೆಗೆ ಮುಗಿಯುವುದು. ನಾವು ಇಡುವ ಪರೀಕ್ಷೆಯ ದಿನ ಬೇರೆ. ಹತ್ತು ವರ್ಷಗಳ ತರುವಾಯ ನೀವು ನಮ್ಮನ್ನು ಕಾಣಲು ಬರುವಿರಷ್ಟೆ. ಆಗ ಮಾಳಿಗೆಯ ಮೆಟ್ಟಲುಗಳನ್ನು ಹತ್ತಿ ಬಂದು, ಏದುಸಿರು ಬಿಡದೆ, ನಿಮ್ಮ ಮಗುವನ್ನು ಸೊಂಟದಿಂದ ಇಳಿಸಿ “ಶಾಲೆಯ ಬಯಲಿನಲ್ಲಿ ಈಗಲೂ ಖೊ-ಖೊ ಆಡುತ್ತಾರೆಯೇ?” ಎಂದು ಕೇಳಿರಿ. ಆ ದಿನ ನಾವು ನಿಮಗೆ ಪೂರ್ಣ ಅಂಕಗಳನ್ನು ಕೊಡುವೆವು.